ಹ್ಯೂಸ್ಟನ್ ಅಗ್ಗ, ಚಿಕಾಗೋ ತುಟ್ಟಿ

ಮೊದಲ ಹಿಮ ಬಿದ್ದ ದಿನ ಶಿವಲೀಲಾಗೆ ಈಗಲೂ ಆ ಚಳಿಗಾಲ ನೆನಪಾಗುತ್ತದೆ...

ಆಗ ಅವಳು ಮತ್ತು ಗಂಡ ಮಹಾಂತೇಶ ಚಿಕಾಗೋದ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಹ್ಯೂಸ್ಟನ್‌ನಿಂದ ಮಹಾಂತೇಶನಿಗೆ ಹೊಸ ಕೆಲಸದ ಕರೆ ಬಂದಿತ್ತು. ಸಂಬಳ ಇಲ್ಲಿಯಷ್ಟೇ. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಬುಧವಾರ ಸಂಜೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕುಳಿತು ಎರಡೂ ಊರುಗಳನ್ನು ತೂಗಿ ನೋಡಿದರು.

"ಬಾಡಿಗಿ?"

"ಹ್ಯೂಸ್ಟನ್ ಅಗ್ಗ."

"ಪೆಟ್ರೋಲು?"

"ಅದೂ ಅಗ್ಗ."

"ಮತ್ತ ಅಲ್ಲಿ ಬ್ಯಾಸಗಿ ಎಸಿ ಬಿಲ್ಲು ಯಾರ್ ಕಟ್ತಾರ್ರೀ?"

"ನಿಮ್ಮಪ್ಪಗ ಒಂದ್ ಫೋನ್ ಹಚ್ಚು!"

ಶಿವಲೀಲಾ ನಕ್ಕಳು. "ಹಿಮ ತಗಿಯೂ ತ್ರಾಸೂ ಬರಕೊಳ್ರಿ. ಎರಡ ವರ್ಷಾತು, ನನ್ನ ಕಾರಿಗೆ ಜಾಗಾ ಮಾಡಿ ಮಾಡಿ ನಿಮ್ಮ ಬೆನ್ನ ಹೋಗೇತಿ."

"ನಾನಾ? ನಾ ಎಲ್ಲಿ ಮಾಡೇನಿ? ನೀನ ಮಾಡ್ಕೋತಿ ಅಂತ ತಿಳ್ಕೊಂಡಿದ್ನಲ್ಲಾ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಗಾದರೆ ಮಾಡುತ್ತಿದ್ದವರು ಯಾರು?

ಚಿಕಾಗೋದ ಬೀದಿಗಳಲ್ಲಿ ಒಂದು ರೂಢಿ. ಹಿಮ ತೆಗೆದು ಕಾರಿಗೆ ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಕುರ್ಚಿ ಇಡುತ್ತಾರೆ. ಆಮೇಲೆ ಆ ಜಾಗಕ್ಕೆ ಬೇರೆ ಯಾರೂ ಬರುವುದಿಲ್ಲ.

ಆಸ್ಪತ್ರೆಯ ಲ್ಯಾಬ್‌ನಿಂದ ಶಿವಲೀಲಾ ಮೂರು ಗಂಟೆಗೆ ಮರಳುವಾಗ ಮನೆ ಮುಂದೆ ಜಾಗ ಸಿದ್ಧ, ಕುರ್ಚಿಯೂ ಇರುತ್ತಿತ್ತು. ಗಂಡನದೇ ಕೆಲಸವೆಂದು ಅವಳು ಕೇಳಿರಲೂ ಇಲ್ಲ... ಕೇಳಿದರೆ ಹೊಗಳಬೇಕಾಗುತ್ತದಲ್ಲ!

ಮರುದಿನ ಜೋರು ಹಿಮ. ಅವಳು ಒಂದು ಗಂಟೆ ಮೊದಲೇ ಬಂದಳು.

ಸಲಿಕೆ ಹಿಡಿದು ನಿಂತಿದ್ದವನು ಕೆಳಗಿನ ಮನೆಯ ವಾಲ್ಟರ್. ಎಂಬತ್ತರ ಅಜ್ಜ.

"ಇವತ್ತು ಬೇಗ ಬಂದುಬಿಟ್ಟೆಯಲ್ಲ! ಇನ್ನೂ ಮುಗಿದಿಲ್ಲ..." ಎಂದ, ಸಿಕ್ಕಿಬಿದ್ದವನ ಹಾಗೆ.

"ನೀವಾ? ಯಾಕೆ ಇಷ್ಟು ಕಷ್ಟ?"

ವಾಲ್ಟರ್ ಸಲಿಕೆಗೆ ಒರಗಿ ನಿಂತ.

"ನನ್ನ ಹೆಲೆನ್ ನರ್ಸ್ ಆಗಿದ್ದಳು. ಮೂವತ್ತೆಂಟು ವರ್ಷ, ಮೂರು ಗಂಟೆಗೇ ಮನೆಗೆ ಬರುತ್ತಿದ್ದಳು. ಅವಳು ತೀರಿಹೋದ ಮೇಲಿನ ಮೊದಲ ಹಿಮಕ್ಕೆ, ಅಭ್ಯಾಸಬಲದಿಂದ ಜಾಗ ಮಾಡಿ ಕುರ್ಚಿ ಇಟ್ಟುಬಿಟ್ಟೆ... ಆಮೇಲೆ ನೆನಪಾಯಿತು, ಬರುವವರು ಯಾರೂ ಇಲ್ಲ ಅಂತ. ಕುರ್ಚಿ ಎತ್ತಬೇಕು... ಅಷ್ಟರಲ್ಲಿ ನಿನ್ನ ಕಾರು ಬಂತು. ಸರಿಯಾಗಿ ಮೂರು ಗಂಟೆಗೆ."

ಶಿವಲೀಲಾ ಕಣ್ಣೊರೆಸಿಕೊಂಡು ಅವನ ಕೈಯಿಂದ ಸಲಿಕೆ ಇಸಿದುಕೊಂಡಳು.

ಸಂಜೆ ಎಲ್ಲ ಕೇಳಿದ ಮಹಾಂತೇಶ ಲ್ಯಾಪ್‌ಟಾಪ್ ತೆರೆದ.

"ಹ್ಯೂಸ್ಟನ್‌ದವ್ರಿಗೆ ಏನಂತ ಬರೀಲಿ?"

"ಬರೂದಿಲ್ಲ ಅಂತ ಬರೀರಿ."

"ಇಲ್ಲಿ ತುಟ್ಟಿ ಆಕ್ಕೈತಿ ನೋಡು..."

"ಆಗ್ಲಿ ಬಿಡ್ರಿ. ಮುದುಕ ಮೂರು ಗಂಟೆಗೆ ಯಾರ ದಾರಿ ನೋಡಬೇಕು?"

ಆಮೇಲೆ ವಾಲ್ಟರ್ ಇನ್ನೂ ನಾಲ್ಕು ಚಳಿಗಾಲ ಬದುಕಿದ. ಹಿಮ ತೆಗೆಯುವ ಕೆಲಸ ಮಹಾಂತೇಶನದು. ಅಜ್ಜ ಬಾಗಿಲಲ್ಲಿ ನಿಂತು "ಆ ಮೂಲೆ ಬಿಟ್ಟೆ, ಸೋಮಾರಿ!" ಎಂದು ದಿನವೂ ಬೈಯುತ್ತಿದ್ದ...

ಈಗ ಬೈಯುವವರಿಲ್ಲ. ಆದರೂ ಮಹಾಂತೇಶ ಒಂದು ಮೂಲೆಯನ್ನೂ ಬಿಡುವುದಿಲ್ಲ.

ಊರು ಎಷ್ಟು ತುಟ್ಟಿ ಅಂತ ಬಿಲ್ಲುಗಳು ಹೇಳುತ್ತವೆ... ಎಷ್ಟು ನಮ್ಮದು ಅಂತ ಹೇಳುವವರು, ನಾವು ಬರುವ ಹೊತ್ತಿಗೆ ಕಾಯುವವರು.

ನಿಮಗೆ ಗೊತ್ತಾಗದ ಹಾಗೆ ನಿಮಗಾಗಿ ಜಾಗ ಮಾಡಿಡುತ್ತಿರುವವರು ಯಾರು... ಇವತ್ತು ಅವರನ್ನು ಮಾತಾಡಿಸಿದಿರಾ?