ಬ್ರೆಡ್ಡಿನ ಟೈಮರ್

ಅಮ್ಮನ ಕೈಯಲ್ಲಿದ್ದ ಟೈಮರ್ ಟಿಣ್ಣೆಂದಾಗ ಮನೆಯೆಲ್ಲ ಮಲಗಿತ್ತು. ಮಗಳು ಮಾದರಿ ಪ್ರಶ್ನೆಪತ್ರಿಕೆಯ ಮೇಲೆ ಪೆನ್ನಿಟ್ಟು ನೆಟಿಗೆ ಮುರಿದಳು. ನಾಳಿದ್ದು ಬ್ಯಾಂಕ್ ಪರೀಕ್ಷೆ. ಮೊದಲ ಸಲವೇ ಪಾಸಾಗದಿದ್ದರೆ ದೊಡ್ಡಪ್ಪನ ಔಷಧಿ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಮಾತಾಗಿತ್ತು.

"ಅಬ್ಬಾ, ನೂರೂ ಮುಗೀತಮ್ಮ! ಕಡೇ ಲೆಕ್ಕ ಮಾಡೋದಕ್ಕೂ ಇದು ಬಡ್ಕೊಳ್ಳೋದಕ್ಕೂ ಸರಿಹೋಯ್ತು ನೋಡು."

ಅಮ್ಮ ಮಗಳ ಬೆನ್ನ ಹಿಂದಿದ್ದ ಗೋಡೆ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಶುರುವಾಗಿತ್ತು, ಈಗಿನ್ನೂ ಹನ್ನೊಂದೂ ಮುಕ್ಕಾಲು. ಅರವತ್ತು ನಿಮಿಷಕ್ಕೆ ಇಡು ಎಂದಿದ್ದಳು ಮಗಳು. ಬೇಕರಿಯಲ್ಲಿ ದಿನವೂ ಬ್ರೆಡ್ಡಿಗೆ ನಲವತ್ತೈದು ನಿಮಿಷ ಇಟ್ಟು ರೂಢಿಯಾದ ಕೈ ಅಷ್ಟಕ್ಕೇ ತಿರುಗಿಸಿಬಿಟ್ಟಿತ್ತು. ಅಷ್ಟರಲ್ಲೇ ನೂರು ಪ್ರಶ್ನೆ! ಮಗಳು ಉತ್ತರಗಳನ್ನು ತಾಳೆ ನೋಡಿ, "ತೊಂಬತ್ತೊಂದು ಸರಿ" ಎಂದಳು. "ಯಾಕಮ್ಮಾ ಹಂಗೆ ನೋಡ್ತಿದ್ದೀಯ? ಉಳಿದ ಒಂಬತ್ತು ನನ್ನ ಮುಖದ ಮೇಲಿದೆಯಾ?"

"ಏನಿಲ್ಲ, ಮಲ್ಕೋ ಹೋಗೇ."

ಅಮ್ಮನಿಗೆ ಹೆಮ್ಮೆ ಉಕ್ಕಿತು. ಈಗ ಹೇಳಿದರೆ ಪರೀಕ್ಷೆಯ ದಿನ ಹುಡುಗಿ ಉದಾಸೀನ ಮಾಡಿಯಾಳು. ಗಂಡನಿಗೆ ಹೇಳೋಣವೆಂದರೆ ಆತನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಆ ಹದಿನೈದು ನಿಮಿಷದ ಸಂಗತಿ ತನ್ನೊಬ್ಬಳಲ್ಲೇ ಇರಲಿ, ಯಾರಿಗೂ ಹೇಳುವುದು ಬೇಡ ಎಂದು ನಿಶ್ಚಯಿಸಿ ಅಮ್ಮ ದೀಪ ಆರಿಸಿದಳು.