ಜಿಂಕೆ ಕಾಯುವ ಕೋಣೆ

ಸಂಗಮೇಶ ಐದನೆಯ ಸಲ ಕಾಲು ಬದಲಿಸಲು ಹೊರಟಾಗ ಮಗಳು ರಕ್ಷಿತಾ ಕಿಟಕಿಯಿಂದ ಕಣ್ಣು ತೆಗೆಯದೆಯೇ, “ಪಪ್ಪಾ, ಪ್ಲೀಸ್,” ಎಂದಳು. ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದು, ಆಮೇಲೆ ಕಳ್ಳನಂತೆ ಕಾರ್ಪೆಟ್ಟಿನ ಮೇಲೆ ಇಳಿಸಿದ. ಸದ್ದಾಗಲಿಲ್ಲ. ಸದ್ದಾಗದಿರಲೆಂದು ಆ ಕಾರ್ಪೆಟ್ಟು ಹಾಸಿದವನೂ ಅವನೇ; ಈಗ ಅದೇ ಅವನಿಗೆ ಸಂಕಟವಾಗಿತ್ತು.

ಸ್ಯಾನ್ ಡಿಯಾಗೋದಿಂದ ಒಳಗಿನ ಗುಡ್ಡಗಳಲ್ಲಿ, ಮನೆಯವರಿಗೆಲ್ಲ ಹಳೆಯ ಸ್ನೇಹಿತರಾದ ಚಂದ್ರಪ್ಪನವರ ಜಮೀನಿನ ಅಂಚಿಗೆ, ನಾಲ್ಕು ಕಂಬಗಳ ಮೇಲೆ ನಿಂತ ಮರದ ಪೆಟ್ಟಿಗೆ ಅದು. ಒಳಗೆ ಕೂತವರು ಜಿಂಕೆಗೆ ಕಾಣಬಾರದು. ಇಲ್ಲಿಯವರು ಇದಕ್ಕೆ ಬ್ಲೈಂಡ್ ಎನ್ನುತ್ತಾರೆ, ಎರಡು ವಾರಾಂತ್ಯಗಳಲ್ಲಿ ಕಟ್ಟಿ ಮುಗಿಸುತ್ತಾರೆ. ಸಂಗಮೇಶ ಮೂರು ತಿಂಗಳು ತೆಗೆದುಕೊಂಡಿದ್ದ. ಪ್ರತಿ ಶನಿವಾರ ಸ್ಯಾಂಟಾ ಕ್ಲಾರಿಟಾದಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದು ಒಂದು ವಾರ ಗೋಡೆಗೆ ಇನ್ಸುಲೇಶನ್, ಇನ್ನೊಂದು ವಾರ ತಿರುಗುವ ಕುರ್ಚಿ, ಮತ್ತೊಂದು ವಾರ ಫ್ಲಾಸ್ಕ್ ಇಡಲು ಗೂಡು. ಬೇಟೆಯ ಅವಧಿ ಶುರುವಾದ ಮೇಲೂ ಕೆಲಸ ಮುಗಿಯಲಿಲ್ಲ. “ಹುಡುಗಿಗೆ ಥಂಡಿ ಆಗಬಾರದಲ್ರೀ,” ಎನ್ನುತ್ತಿದ್ದ. ಇವತ್ತು ಈ ವರ್ಷದ ಬೇಟೆಗೆ ಕೊನೆಯ ದಿನ. ಸೇರಿಸಲು ಇನ್ನೇನೂ ಉಳಿದಿರಲಿಲ್ಲ.

ಥಂಡಿಯ ಮಾತು ನೆಪ. ಕೇಕ್ ತರುವಾಗ ಮೊಟ್ಟೆ ಇಲ್ಲ ತಾನೆ ಎಂದು ಅಂಗಡಿಯವನನ್ನು ಎರಡೆರಡು ಸಲ ಕೇಳುವ ಲಿಂಗಾಯತರ ಮನೆ ಅವರದು. ಆಗಸ್ಟಿನಲ್ಲಿ ಚಂದ್ರಪ್ಪನವರ ಬೇಟೆಯ ಕಥೆ ಕೇಳಿದ ಹದಿಮೂರರ ಮಗಳು ತಾನೂ ಹೊಡೆಯುತ್ತೇನೆ ಎಂದಾಗ, ಆಗುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆತ ಗಣಿತದ ಮೇಷ್ಟರ ಮಗ. “ಬ್ಯಾಟಿ ಪರೀಕ್ಷಾದಾಗ ನೂರಕ್ಕ ತೊಂಬತ್ತು ತಗಿ, ಆಮ್ಯಾಲ ನೋಡೋಣು,” ಎಂದುಬಿಟ್ಟ. ಬೇಟೆಯ ಲೈಸೆನ್ಸಿಗೆ ಮುನ್ನ ಬರೆಯಬೇಕಾದ ಆ ಪರೀಕ್ಷೆಯಲ್ಲಿ ಅವಳು ತೊಂಬತ್ತೆಂಟು ತೆಗೆದಳು. ಅಂಕ ತೆಗೆದ ಮಕ್ಕಳಿಗೆ ಇಲ್ಲ ಎನ್ನುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಬ್ಲೈಂಡ್ ಕಟ್ಟಲು ಶುರುಮಾಡಿದ; ಅದು ಮುಗಿಯುವ ತನಕ ಬೇಟೆ ಇಲ್ಲವಲ್ಲ.

ಇವತ್ತು ಬೆಳಗಿನ ಜಾವ ಏಣಿ ಹತ್ತಿ ಒಳಗೆ ಇಣುಕಿದ ಚಂದ್ರಪ್ಪನವರು ಟಾರ್ಚನ್ನು ಗೋಡೆಯಿಂದ ಕುರ್ಚಿಗೆ ಹಾಯಿಸಿದ್ದರು.

“ಇದೇನ್ರೀ ಇಂಜಿನಿಯರ್ ಸಾಹೇಬ್ರೇ! ಬ್ಲೈಂಡ್ ಕಟ್ಟಿ ಅಂದ್ರೆ ಬಾಣಂತಿ ಕೋಣೆ ಕಟ್ಟಿದ್ದೀರಿ. ಸಾಂಬ್ರಾಣಿ ಹೊಗೆ ಒಂದು ಕಮ್ಮಿ.”

“ಬೆನ್ನಿಗೆ ಚಲೋ ಆಗ್ತದ್ರೀ.”

“ಬೆನ್ನಿಗೇನೋ ಸರಿ. ಜಿಂಕೆನೂ ಹತ್ತಿ ಬಂದು ನಂಗೊಂದು ಚೇರ್ ಹಾಕಿ ಅನ್ನುತ್ತೆ, ನೋಡ್ತಿರಿ.”

ಮಕ್ಕಳ ಜೊತೆ ಲೈಸೆನ್ಸ್ ಇರುವ ದೊಡ್ಡವರೊಬ್ಬರು ಇರಬೇಕೆಂದು ಕೂತ ಚಂದ್ರಪ್ಪನವರು, ತಾವೇ ಗೇಲಿ ಮಾಡಿದ ಕುರ್ಚಿಯಲ್ಲೇ ಹತ್ತು ನಿಮಿಷಕ್ಕೆ ನಿದ್ದೆ ಹೋದರು.

“ಪಪ್ಪಾ.” ಈ ಸಲ ಅದು ಬೈಗುಳವಾಗಿರಲಿಲ್ಲ.

ಒಣಹುಲ್ಲಿನ ಇಳಿಜಾರಿನಲ್ಲಿ ಜಿಂಕೆ ನಿಂತಿತ್ತು. ಕತ್ತೆಗೆ ಇರಬೇಕಾದಷ್ಟು ದೊಡ್ಡ ಕಿವಿ. ಗಂಡು, ಕೊಂಬು ಕವಲೊಡೆದಿತ್ತು, ಹೊಡೆಯಲು ಕಾನೂನು ಕೇಳುವಷ್ಟು. ರಕ್ಷಿತಾ ಬಂದೂಕನ್ನು ಭುಜಕ್ಕೇರಿಸಿದಳು. ಊಟಕ್ಕೆ ಎರಡು ನಿಮಿಷ ನೆಟ್ಟಗೆ ಕೂರದ ಹುಡುಗಿ ಉಸಿರನ್ನೂ ಅಳೆದು ಬಿಡುತ್ತಿದ್ದಳು.

ಕೆಮ್ಮಬಹುದು, ಎಂದುಕೊಂಡ ಸಂಗಮೇಶ. ಫ್ಲಾಸ್ಕ್ ಬೀಳಿಸಬಹುದು. ಎರಡೂ ತಾನಾಗಿ ಆದಂತೆ ಕಾಣುತ್ತವೆ, ಯಾರ ಮನಸ್ಸೂ ನೋಯುವುದಿಲ್ಲ. ಮೂರು ತಿಂಗಳಿಂದ ಅವನು ಮಾಡಿದ್ದೂ ಇಂಥದ್ದನ್ನೇ. ಕೈ ಫ್ಲಾಸ್ಕಿನ ತನಕ ಹೋಯಿತು. ಅಲ್ಲಿ ನಿಂತಿತು. ಮಗಳ ಬೆರಳು ಟ್ರಿಗರಿನ ಕಡೆ ಸರಿಯುತ್ತಿತ್ತು.

“ನನಗ ಇದು ಸೇರೂದಿಲ್ಲವ್ವಾ,” ಎಂದ. ಪಿಸುಮಾತಲ್ಲ, ಆಫೀಸಿನ ಮೀಟಿಂಗಿನಲ್ಲಿ ಕೊನೆಯ ಸಾಲಿನವರಿಗೂ ಕೇಳುವ ದನಿ. “ನೀ ಹೊಡಿಯೂದು ನನಗ ನೋಡಾಕ ಆಗೂದಿಲ್ಲ. ಮೊದಲಿನಿಂದನೂ ಸೇರಿಲ್ಲ.”

ಜಿಂಕೆ ತಲೆ ಎತ್ತಿತು. ಎರಡು ನೆಗೆತ, ಆಮೇಲೆ ಬರೀ ಪೊದೆ.

ಚಂದ್ರಪ್ಪನವರು ಒಂದು ಕಣ್ಣು ಬಿಟ್ಟರು. “ಬಿತ್ತಾ?”

“ಇಲ್ಲ ಅಂಕಲ್. ಓಡ್ತು.”

“ಹೋಗ್ಲಿ ಬಿಡು. ಹೊತ್ಕೊಂಡು ಬರೋದು ತಪ್ತು.” ಕಣ್ಣು ಮತ್ತೆ ಮುಚ್ಚಿತು.

ರಕ್ಷಿತಾ ಸೇಫ್ಟಿ ಹಾಕಿದಳು, ಗುಂಡು ತೆಗೆದಳು, ಬಂದೂಕನ್ನು ಗೋಡೆಗೆ ಒರಗಿಸಿದಳು. ಎಲ್ಲವೂ ಕಲಿತ ಕ್ರಮದಲ್ಲೇ. ಇಂಗ್ಲಿಷಿನಲ್ಲಿ ಏನನ್ನೋ ಶುರುಮಾಡಿ, ನುಂಗಿ, ತಾನು ಮನೆಯಲ್ಲಿ ಅಪರೂಪಕ್ಕೆ ಬಳಸುವ ಕನ್ನಡಕ್ಕೆ ಬಂದಳು.

“ಆಗಸ್ಟಲ್ಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ಕೇಳ್ತಿದ್ದೇನು?”

ಅವಳು ನಿಜವಾಗಿಯೂ ಯೋಚಿಸಿದಳು. “ಇಲ್ಲ. ಜಗಳ ಆಡ್ತಿದ್ದೆ.”

“ಮತ್ತ? ಅದಕ್ಕ ಹೇಳಲಿಲ್ಲ.”

ಹೊರಗೆ ಬಿಸಿಲು ಏರುತ್ತಿತ್ತು. ರಕ್ಷಿತಾ ಅಪ್ಪನ ಮುಖವನ್ನು ಯಾವುದೋ ಕಠಿಣ ಪ್ರಶ್ನೆಯೆಂಬಂತೆ ನೋಡಿದಳು.

“ಜಗಳ ಆಡಬಹುದಿತ್ತಲ್ಲ, ಪಪ್ಪಾ,” ಎಂದಳು.