ಗುರುಗಳಿಗೆ ಮಾತು ಬಂತು

ನಂಬುವವರು ನಂಬಲಿ, ಉಳಿದವರು ಪುಟ ತಿರುಗಿಸಲಿ. ಕಥೆ ಶುರುವಾದದ್ದು ಒಂದು ಫೋನಿನಿಂದ.

"ಏನಪ್ಪಾ, ಊಟ ಆಯ್ತಾ? ಆಗಿದ್ರೆ ಕೇಳು. ಆಗಿಲ್ದಿದ್ರೆ ಮೊದ್ಲು ಹೋಗಿ ಊಟ ಮಾಡು, ದೇವ್ರು ಎಲ್ಲಿಗೂ ಓಡಿಹೋಗಲ್ಲ!"

ಇಂಟರ್‌ಕಾಮ್ ಹಿಡಿದು ಹೀಗೆಂದವನು, ಎಲ್ಲರೂ ಗಿಳಿ ಎಂದು ಕರೆಯುವ ಹುಡುಗ. ದನಿ ಮಾತ್ರ ಆಶ್ರಮದ ಗುರುಗಳದು. ಅವರ ಪ್ರವಚನ ಶುರುವಾಗುತ್ತಿದ್ದದ್ದೇ ಈ ಮಾತಿನಿಂದ. ಗಂಟಲಿನ ಆಪರೇಷನ್ ಆದಮೇಲೆ ಅದೂ ಇಲ್ಲ, ಇನ್ನೊಂದೂ ಇಲ್ಲ. ಈಗ ಬಾಯಿಂದ ಬರುವುದು ಬರೀ ಗಾಳಿ. ಹೇಳಬೇಕಾದದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆಯುತ್ತಾರೆ. "ದನಿ ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದು ಡಾಕ್ಟರು ಎರಡು ದೋಣಿಯಲ್ಲೂ ಕಾಲಿಟ್ಟು ಹೋಗಿದ್ದರು. ಗಿಳಿಯ ಕೆಲಸ ರೆಕಾರ್ಡಿಂಗ್ ರೂಮಿನಲ್ಲಿ ಕೂತು ಹಳೆಯ ಪ್ರವಚನಗಳಿಂದ ಕೆಮ್ಮು, ಸೀನು, ಮೈಕಿನ ಗರಗರ ಕತ್ತರಿಸಿ ತೆಗೆಯುವುದು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಉಪದೇಶ ತಲೆಗೆ ಹತ್ತಿತ್ತೋ ಇಲ್ಲವೋ, ದನಿಯಂತೂ ನಾಲಿಗೆಗೆ ಹತ್ತಿತ್ತು.

ಫೋನು ಮಾಡಿದ್ದು ಮ್ಯಾನೇಜರಿಗೆ. ಬೆಳಿಗ್ಗೆ ಅರ್ಧ ದಿನದ ರಜೆ ಕೇಳಿದರೆ "ಗುರುಗಳೇ ಹೇಳಿದ್ರೂ ಕೊಡಲ್ಲ ಹೋಗೋ" ಎಂದಿದ್ದ ಮಹಾನುಭಾವ. ಸರಿ, ಗುರುಗಳೇ ಹೇಳಲಿ! ಪಕ್ಕದಲ್ಲಿ ಅವನ ಗೆಳೆಯ, ಲೈಟು ನೋಡಿಕೊಳ್ಳುವುದರಿಂದ ಬಲ್ಬು ಎಂದೇ ಹೆಸರಾದವನು, ನಗು ತಡೆಯಲಾರದೆ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ.

ಆ ಕಡೆಯಿಂದ ರಿಸೀವರು ಮೇಜಿಗೆ ಬಡಿದ ಸದ್ದು. ಆಮೇಲೆ ಒಂದು ಹೆಂಗಸಿನ ದನಿ, ದೂರ ಹೋಗುತ್ತಾ: "ಅಯ್ಯೋ, ನನ್ ತಮ್ಮಂಗೆ ಮಾತು ಬಂತು! ಬನ್ರೋ ಯಾರಾದ್ರೂ, ಮಾತು ಬಂತು!"

ಬಲ್ಬಿನ ಬಾಯಿಂದ ಟವೆಲು ಬಿತ್ತು. "ಲೋ ಗಿಳಿ... ದೊಡ್ಡಕ್ಕ ಕಣೋ!"

ದೊಡ್ಡಕ್ಕ ಎಂದರೆ ಗುರುಗಳ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಉಗ್ರಾಣದ ಬೀಗದ ಕೈ ಕೊಡಲು ಆಫೀಸಿಗೆ ಬಂದಿದ್ದರು. ಮ್ಯಾನೇಜರು ಟೀಗೆ ಹೋಗಿದ್ದ. ಫೋನು ಹೊಡೆದುಕೊಂಡಿತು, ಎತ್ತಿದರು. ಅಷ್ಟೇ.

ಗಿಳಿ ಎದ್ದುಬಿದ್ದು ಓಡಿದ. ಮೊಣಕಾಲು ನೋವೆಂದು ಗೋಡೆ ಹಿಡಿದು ನಡೆಯುವ ದೊಡ್ಡಕ್ಕ ಆಗಲೇ ಗುರುಗಳ ಕೋಣೆಯ ಮೆಟ್ಟಿಲ ಮೇಲಿದ್ದರು, ಒಂದು ಚಪ್ಪಲಿ ಕೆಳಗೇ ಉಳಿದಿತ್ತು. ಅಡುಗೆಯವನು ಸೌಟು ಹಿಡಿದೇ ಬಂದಿದ್ದ. ಟೈಪಿಸ್ಟು ಖುಷಿಗೆ ಅಳುತ್ತಿದ್ದಳು.

"ಅಕ್ಕಾ, ನಿಲ್ಲಿ! ಒಂದ್ನಿಮಿಷ, ಅದು ಏನಾಯ್ತು ಅಂದ್ರೆ..."

"ಬಾರೋ ಮಗಾ, ಬಾ! ಮೊದ್ಲು ನೀನೇ ಕೇಳ್ಬೇಕು. ಹಗಲೆಲ್ಲಾ ಅವನ ದನಿ ಒರೆಸಿ ಒರೆಸಿ ಇಡೋನು ನೀನೇ ತಾನೆ?" ದೊಡ್ಡಕ್ಕ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದರು.

ಗುರುಗಳು ಕಿಟಕಿಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅಕ್ಕ ಅವರ ಗಲ್ಲ ಹಿಡಿದೆತ್ತಿದರು. "ಇನ್ನೊಂದ್ಸಲ ಅನ್ನೋ ನನ್ನಪ್ಪಾ. ಫೋನಲ್ಲಿ ಅಂದ್ಯಲ್ಲ, ಹಾಗೇ ಅನ್ನು. ಇವ್ರೆಲ್ಲಾ ಕೇಳ್ಲಿ."

ಗುರುಗಳು ಅಕ್ಕನನ್ನು ನೋಡಿದರು, ಬಾಗಿಲಲ್ಲಿ ನೆರೆದ ಮುಖಗಳನ್ನು ನೋಡಿದರು. ಇಷ್ಟು ಜನ ಕೇಳಿದ್ದಾರೆಂದರೆ ದನಿ ಬಂದಿರಲೂಬಹುದು ಎನಿಸಿತೋ ಏನೋ, ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಸೈಕಲ್ ಟ್ಯೂಬಿನಿಂದ ಹೊರಟಂತೆ ಒಂದಿಷ್ಟು ಗಾಳಿ ಹೊರಟಿತು. ಮತ್ತೊಮ್ಮೆ ಪ್ರಯತ್ನಿಸಿದರು. ಅಷ್ಟೇ ಗಾಳಿ.

"ಅದು ನಾನು," ಎಂದ ಗಿಳಿ.

"ಏನು ನೀನು?" ದೊಡ್ಡಕ್ಕನಿಗೆ ಅರ್ಥವಾಗಲಿಲ್ಲ.

"ಫೋನಲ್ಲಿ... ನಾನೇ ಮಾತಾಡಿದ್ದು ಅಕ್ಕಾ. ಮ್ಯಾನೇಜರಿಗೆ ಅಂತ. ತಮಾಷೆಗೆ."

ದೊಡ್ಡಕ್ಕನ ಕೈ ತಮ್ಮನ ಗಲ್ಲದಿಂದ ಜಾರಿತು. ಹತ್ತಿರದ ಸ್ಟೂಲು ತಡಕಿ ಕೂತುಬಿಟ್ಟರು. ಮೊಣಕಾಲಿನ ನೋವು ಈಗ ನೆನಪಾದಂತಿತ್ತು.

"ಅಣಕ ಮಾಡಕ್ಕೆ ನಿಂಗೆ ಬೇರೆ ಗಂಟ್ಲು ಸಿಗ್ಲಿಲ್ವೇನೋ?" ಅಡುಗೆಯವನು ಸೌಟು ಎತ್ತಿಯೇಬಿಟ್ಟ. ಆಗ ತಾನೇ ಬಂದ ಮ್ಯಾನೇಜರು ಟೀ ಲೋಟ ಹಿಡಿದು ಹಲ್ಲು ಕಡಿದ. "ರಜ ತಾನೆ ಬೇಕಾಗಿದ್ದು? ತಗೋ, ಪೂರ್ತಿ ತಗೊಂಡು ಹೋಗು!"

ಗಿಳಿ ಗುರುಗಳ ಕಾಲಿಗೆ ಬಿದ್ದ. ಗುರುಗಳು ಎರಡೂ ಪಾದ ಕುರ್ಚಿಯ ಮೇಲಕ್ಕೆ ಎಳೆದುಕೊಂಡರು. ಅವರು ಎಂದೂ ಕಾಲಿಗೆ ಬೀಳಗೊಟ್ಟವರಲ್ಲ. "ಕ್ಷಮೆ ಬೇಕಾದ್ರೆ ಮುಖ ನೋಡಿ ಕೇಳ್ರಪ್ಪಾ, ಪಾದಕ್ಕೇನು ಕಿವಿ ಇದ್ಯಾ?" ಎನ್ನುತ್ತಿದ್ದರು. ಆ ಪ್ರವಚನದ ಕೆಮ್ಮು ತೆಗೆದವನೂ ಗಿಳಿಯೇ. ವಿಧಿಯಿಲ್ಲದೆ ತಲೆ ಎತ್ತಿದ. ತಲೆಗಿಂತ ಭಾರವಾದದ್ದನ್ನು ಅವನು ಈವರೆಗೆ ಎತ್ತಿರಲಿಲ್ಲ.

ಗುರುಗಳು ಸ್ಲೇಟು ತೆಗೆದುಕೊಂಡು ಬರೆದು ತೋರಿಸಿದರು: "ನನಗೂ ಕೇಳಿಸು."

"ಬೇಡ ಗುರುಗಳೇ. ದಮ್ಮಯ್ಯ, ಅದೊಂದು ಮಾತ್ರ ಕೇಳ್ಬೇಡಿ."

ಸ್ಲೇಟು ಕೆಳಗಿಳಿಯಲಿಲ್ಲ.

ಗಿಳಿ ಎದ್ದು ನಿಂತ. ದನಿ ಕೆಟ್ಟು ಹೋಗಲಿ, ಒಡೆದು ಹೋಗಲಿ, ತನ್ನದೇ ಕೀರಲು ದನಿ ಬರಲಿ ಎಂದು ಬೇಡಿಕೊಂಡ. ಹಾಳು ನಾಲಿಗೆ, ಕೂದಲೆಳೆಯಷ್ಟೂ ತಪ್ಪಲಿಲ್ಲ. "ಏನಪ್ಪಾ, ಊಟ ಆಯ್ತಾ?" ತುಂಬಿದ ಆ ದನಿ ಕೋಣೆಯ ಮೂಲೆಮೂಲೆಗೆ ಹೋಗಿ ಬಂತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಮುಗಿದ ಮೇಲೂ ತೆರೆಯಲಿಲ್ಲ.

ಗುರುಗಳು ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ತೊಡೆ ತಟ್ಟಿಕೊಂಡು, ಗಿಳಿಯತ್ತ ಬೆರಳು ತೋರಿಸಿ, ಕಣ್ಣಲ್ಲಿ ನೀರು ಬರುವಷ್ಟು, ಕಿತ್ತಳೆ ಮಡಿಲಿಂದ ಉರುಳುವಷ್ಟು ನಕ್ಕರು. ಬೇರಾರೂ ನಗಲಿಲ್ಲ. ಆ ನಗುವಿಗೆ ಒಂದು ಎಳೆಯಷ್ಟೂ ಸದ್ದಿರಲಿಲ್ಲ.

ಗಿಳಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.